ಕಾಕಾನ ಎದುರಿನ ಕುರ್ಚಿ

ನಮ್ಮ ಕಾಕಾನಷ್ಟು ನಿಧಾನವಾಗಿ ಚೆಸ್ ಆಡುವವರು ಮುಂಬಯಿಯಲ್ಲಿ ಇನ್ನೊಬ್ಬರಿದ್ದರೆ, ಅವರ ಆಟ ಇನ್ನೂ ಮುಗಿದಿರಲಿಕ್ಕಿಲ್ಲ! ಧಾರವಾಡದಿಂದ ನೌಕರಿಗೆ ಬಂದು ಬೊರಿವಲಿಯಲ್ಲೇ ನಿವೃತ್ತರಾದ ಈ ಮನುಷ್ಯ ಫಾಸ್ಟ್ ಲೋಕಲ್ ರೈಲು ಹತ್ತುವುದಿಲ್ಲ. "ಅದರಾಗ ಮಾತ್ ಸುರು ಆಗೂದ್ರಾಗ ಮಂದಿ ಇಳದ್ ಹೋಗ್ತಾರ" ಎಂಬುದು ಅವರ ಆಕ್ಷೇಪಣೆ.

ಬಿಳಿ ಕಾಯಿ ಸಿಕ್ಕರೆ ಅವರ ಆರಂಭ ಒಂದೇ. ರಾಣಿಯ ಮುಂದಿನ ಕಾಲಾಳು ಎರಡು ಮನೆ ಮುಂದೆ. ಆಮೇಲೆ ಪಕ್ಕದ ಕಾಲಾಳನ್ನು ಎದುರಾಳಿಯ ಬಾಯಿಗೇ ಒಡ್ಡುವುದು. ಇದು ಹಳೆಯ ಶಾಸ್ತ್ರೀಯ ಪಟ್ಟು. ಶಾಸ್ತ್ರದಲ್ಲಿ ಇಲ್ಲದ್ದು ಕಾಕಾನ ಉಪಚಾರ! ಅವಲಕ್ಕಿ ತಾಟು ಸರಿಸಿದಂತೆ ಕಾಲಾಳನ್ನು ಸರಿಸಿ, "ತಗೋರಿ, ಸಂಕೋಚ ಮಾಡ್ಕೋಬ್ಯಾಡ್ರಿ" ಎನ್ನುತ್ತಾರೆ. ಅಂಧೇರಿಯ ಟೂರ್ನಮೆಂಟಿನಲ್ಲಿ ಕನ್ನಡ ಬಾರದ ಎದುರಾಳಿ ಇದು ಮಂತ್ರವೇನೋ ಎಂದು ಬೆದರಿದ. ಮಾತು ನಿಲ್ಲಿಸಲು ತೀರ್ಪುಗಾರ ಓಡಿಬಂದ.

"ಅಂಕಲ್, ಬಾತ್ ನಹೀ ಕರನೇ ಕಾ!"

ಕಾಕಾ ಪ್ರೇಕ್ಷಕರ ಹಗ್ಗದಾಚೆ ನಿಂತಿದ್ದ ನನ್ನತ್ತ ತಿರುಗಿದರು. "ಎದುರಿಗೆ ಬಂದ್ ಕೂತಾರ, ತಗೋರಿ ಅನಬಾರ್ದೇನಲೇ?"

ಅದಕ್ಕೂ ಒಂದು ಎಚ್ಚರಿಕೆ ಸಿಕ್ಕಿತು!

ಕೊನೆಯ ಸುತ್ತಿನಲ್ಲಿ ಆದದ್ದನ್ನು ಕಂಡಷ್ಟೇ ಹೇಳುತ್ತೇನೆ. ಗೆದ್ದರೆ ಕಾಕಾನಿಗೆ ಜೀವಮಾನದ ಮೊದಲ ಕಪ್. ಎದುರಿಗೆ ನಡುವಯಸ್ಸಿನ ಒಬ್ಬ ಗೃಹಸ್ಥರು. ಅವರ ಕಪ್ಪು ರಾಜ ಮೂಲೆಗೆ ಸಿಕ್ಕಿದ್ದ. ಕಾಕಾನ ರಾಣಿ ಒಂದು ಮನೆ ಸರಿದರೆ ಚೆಕ್‌ಮೇಟ್. ಕುದುರೆಯ ನಡೆಯನ್ನು ಬೆರಳಲ್ಲಿ ಎಣಿಸುವ ನನಗೇ ಅದು ಕಾಣುತ್ತಿತ್ತು!

ಕಾಕಾ ಕೈ ಎತ್ತಿದರು. ಇಳಿಸಿದರು. ಎದುರಾಳಿಯನ್ನು ನೋಡಿದರು. ಅವರು ಆಗಲೇ ಪೆನ್ನು ಜೇಬಿಗೆ ಸಿಕ್ಕಿಸಿ, ಬ್ಯಾಗನ್ನು ಹೆಗಲಿಗೇರಿಸಿದ್ದರು. ಗಡಿಯಾರ ಓಡುತ್ತಲೇ ಇತ್ತು. ಕಾಕಾನ ಸಮಯ ಮುಗಿಯಿತು. ಸೋತರು.

ಮರಳುವಾಗ ಸ್ಲೋ ಲೋಕಲಿನಲ್ಲಿ ಕೇಳಿದೆ. "ಕಾಕಾ, ಚೆಕ್‌ಮೇಟ್ ಕಾಣಲಿಲ್ಲೇನ್ರಿ?"

"ಕಂಡಿತ್ತಲೇ."

"ಮತ್ತ?"

"ನಡೆಸಿದ್ನಂದ್ರ ಅವ್ರು ಎದ್ದು ಹೋಗ್ತಿದ್ರು."

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಬೊರಿವಲಿಯ ಮನೆಯ ಕಿಟಕಿಯ ಬಳಿ ಚೆಸ್ ಹಲಗೆ, ಎರಡು ಕುರ್ಚಿ. ಕಾಕಾನ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಅವರ ಕುರ್ಚಿಯಲ್ಲಿ ಇಸ್ತ್ರಿಯ ಬಟ್ಟೆ ಕೂತಿರುತ್ತಿತ್ತು. ವಿಕ್ರೋಳಿಯ ನನ್ನ ಮನೆಗೆ ಹೊರಡಬೇಕಿದ್ದವನು, ಬಟ್ಟೆ ಎತ್ತಿಟ್ಟು ಅಲ್ಲಿ ಕೂತೆ. ಕಾಕಾ ಎದುರಿಗೆ ಕೂತರು. ಕಾಯಿ ಜೋಡಿಸಿದರು. ರಾಣಿಯ ಕಾಲಾಳು ಬಂತು. ಆಮೇಲೆ ಪಕ್ಕದ್ದು.

"ತಗೋ, ಸಂಕೋಚ ಮಾಡ್ಕೋಬ್ಯಾಡ."

ನಾನು ಬೇಕೆಂದೇ ಬಹಳ ಹೊತ್ತು ಯೋಚಿಸಿದೆ.