ಸಾವಕಾರರ ಕರಿ ಮೋಟಾರು ಮತ್ತು ಹಾಳು ಸುತ್ತುಗಳು

ಒಂದು ಕರಿ ಮೋಟಾರನ್ನು ತಿಕ್ಕಿ ತೀಡಿ ಕನ್ನಡಿಯಂತೆ ಮಾಡಿ ಒಪ್ಪಿಸಿದ ಮೇಲೆ ಅದು ಎಂಟು ದಿನ ಹಾಗೇ ಉಳಿದದ್ದನ್ನು ನನ್ನ ಜನ್ಮದಲ್ಲಿ ನಾನು ನೋಡಿಲ್ಲ. ಯಾರಾದರೊಬ್ಬರು ಬಂದು ಕೆಡಿಸಿಯೇ ಕೆಡಿಸುತ್ತಾರೆ. ಬೈಗುಳ ಮಾತ್ರ ನನಗೆ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹುಮನಾಬಾದಿನಲ್ಲಿ ಸಡಕಿನ ಪಕ್ಕ ನನ್ನದೊಂದು ತಗಡಿನ ಶೆಡ್ಡು. ಸೊಲ್ಲಾಪುರದಲ್ಲಿ ಮೋಟಾರಿಗೆ ಬಣ್ಣ ಹೊಡೆಯುವುದು, ಪಾಲಿಶ್ ಮಾಡುವುದು ಕಲಿತು ಬಂದಿದ್ದೆ. ಅದು ಎರಡನೇ ಮಹಾ ಲಡಾಯಿಯ ಕಾಲ. ಪೆಟ್ರೋಲಿಗೆ ಪರ್ಮಿಟ್ ಬೇಕು. ಸುತ್ತಮುತ್ತ ಇದ್ದ ನಾಲ್ಕು ಮೋಟಾರುಗಳಲ್ಲಿ ಮೂರು ಬಟ್ಟೆ ಹೊದ್ದು ಮಲಗಿದ್ದವು. ನನ್ನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಕಲ್ಯಾಣಿಯ ಸಾವಕಾರರೊಬ್ಬರ ಮೇಲೆ. ಈಗ ನೀವೆಲ್ಲ ಬಸವಕಲ್ಯಾಣ ಅನ್ನುತ್ತೀರಿ, ಆಗ ಬರೀ ಕಲ್ಯಾಣಿ.

ಅವರದು ಕರಿಬಣ್ಣದ ದೊಡ್ಡ ಮೋಟಾರು. ಕರಿಬಣ್ಣವೆಂದರೆ ನಮ್ಮ ಕಸುಬಿನವರಿಗೆ ಹೆಗಲೇರಿದ ಶನಿ. ನೆರಳಿನಲ್ಲಿ ಚೆಂದ ಕಾಣುತ್ತದೆ. ಬಿಸಿಲಿಗೆ ತಂದರೆ ಸಾಕು, ಒರಟು ಅರಿವೆಯಿಂದ ಗರಗರ ಒರೆಸಿದ ಗೆರೆಗಳೆಲ್ಲ ಸುತ್ತು ಸುತ್ತಾಗಿ ಜೇಡರ ಬಲೆಯಂತೆ ಎದ್ದು ಕಾಣುತ್ತವೆ. ಆ ಸುತ್ತು ಕಂಡರೆ ಸಾವಕಾರರಿಗೆ ಊಟ ಸೇರುತ್ತಿರಲಿಲ್ಲ. “ಇನ್ನೊಮ್ಮೆ ಸುತ್ತು ಕಂಡ್ವಂದ್ರ ಹೈದರಾಬಾದಿಂದ ಬ್ಯಾರೆ ಮನಶ್ಯಾನ್ ಕರಸ್ತೀನಿ ನೋಡು” ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅವರು ಕೈಬಿಟ್ಟರೆ ನಾನು ಶೆಡ್ಡಿಗೆ ಬೀಗ ಜಡಿದು ಯಾರದಾದರೂ ಹೊಲಕ್ಕೆ ಕಳೆ ತೆಗೆಯಲು ಹೋಗಬೇಕಿತ್ತು.

ಡ್ರೈವರನ ಕೈ

ಗಾಡಿ ಓಡುತ್ತಿದ್ದದ್ದು ವಾರಕ್ಕೊಮ್ಮೆ. ಡ್ರೈವರ್ ಅದನ್ನು ಒರೆಸುತ್ತಿದ್ದದ್ದು ದಿನಕ್ಕೆ ಮೂರು ಸಲ! ಅದೂ ಹೇಗೆ? ತಲೆಯ ರುಮಾಲಿನ ಸೆರಗು ಹಿಡಿದು, ಒಣ ಧೂಳಿನ ಮೇಲೆಯೇ, ರೊಟ್ಟಿ ಬಡಿಯುವವರಂತೆ ಗುಂಡಗೆ ತಿರುಗಿಸಿ ತಿರುಗಿಸಿ. ನಾನು ಎರಡು ದಿನ ಬೆನ್ನು ಬಗ್ಗಿಸಿ ತೆಗೆದ ಸುತ್ತುಗಳನ್ನು ಪುಣ್ಯಾತ್ಮ ಎರಡು ಗಳಿಗೆಯಲ್ಲಿ ವಾಪಸ್ ತಂದಿಡುತ್ತಿದ್ದ.

“ಮಾರಾಯಾ, ಮೊದ್ಲು ನೀರು ಹಾಕಿ ಧೂಳು ತೆಗಿ. ಇಲ್ಲಾಂದ್ರ ಮುಟ್ಟಲೇಬ್ಯಾಡ” ಎಂದೆ.

“ಸುಮ್ನ ಕುಂತ್ರ ಸಾವಕಾರ್ರು ಪಗಾರ ಯಾಕ ಕೊಡ್ತಾರ್ರಿ ಮಾಸ್ತರ? ಓಡಸೂದಂತೂ ಇಲ್ಲ, ಒರಸೂದರ ಮಾಡಬೇಕಲ್ರಿ.”

“ಹಂಗಾರ ಉದ್ದಕ ಒರಸು. ಗುಂಡಗ ಯಾಕ ತಿರಗಸ್ತಿ?”

ಅವನು ತನ್ನ ಎರಡೂ ಅಂಗೈಗಳನ್ನು ನನ್ನ ಮುಖಕ್ಕೆ ಹಿಡಿದ. “ಇಷ್ಟು ವರ್ಷ ಸ್ಟೇರಿಂಗ್ ತಿರಗಿಸಿದ ಕೈ ಅದಾವ್ರಿ ಇವು. ಉದ್ದಕ ಹೋಗು ಅಂದ್ರ ಹೋಗೂದೇ ಇಲ್ಲ.”

ಹಬ್ಬದ ಬೆಳಗು

ಡ್ರೈವರನಿಗಾದರೂ ಬೈಯಬಹುದಿತ್ತು. ಸಾವಕಾರರ ತಾಯಿಗೆ ಏನು ಅನ್ನುವುದು?

ದಸರೆಗೆ ನಾಲ್ಕು ದಿನ ಮೊದಲು ಕಲ್ಯಾಣಿಗೆ ಹೋದೆ. ಅಂಗಳದ ತುಂಬ ಹಂಡೆ, ಕೊಡ, ಪರಾತ ಬೆಳಗಿ ಬೋರಲು ಹಾಕಿದ್ದರು. ಅವುಗಳ ನಡುವೆ ಮೋಟಾರು ನಿಂತಿತ್ತು. ಅದರ ಬಾನೆಟ್ಟು ಬೂದುಬಣ್ಣಕ್ಕೆ ತಿರುಗಿ, ಮಂಜು ಮುಚ್ಚಿದಂತಾಗಿತ್ತು. ಮುಂದೆ ಅವ್ವ ಸೆರಗು ಸಿಕ್ಕಿಸಿ, ಒಂದು ಕೈಯಲ್ಲಿ ಹುಣಸೆಹಣ್ಣು, ಇನ್ನೊಂದು ಕೈಯಲ್ಲಿ ಬೂದಿ ಹಿಡಿದು ನಿಂತಿದ್ದರು.

ನಾನು ಓಡಿಹೋಗಿ ಅಡ್ಡ ನಿಂತೆ. “ಅವ್ವಾರ, ಇದೇನ್ ಮಾಡಿದ್ರಿ!”

“ಹಬ್ಬ ಬಂತಲ್ಲೋ ತಮ್ಮಾ. ಮನ್ಯಾಗಿನ ತಾಮ್ರ, ಹಿತ್ತಾಳಿ ಎಲ್ಲಾ ಬೆಳಗೀನಿ. ಇದೊಂದು ಯಾಕ ಬಿಡೂದಂತ ಕೈ ಹಚ್ಚೀನಿ.”

ಆ ಬೂದಿಯ ಗೀರು ತೆಗೆಯಲು ನನಗೆ ಒಂದು ವಾರ ಬೇಕು. ಅಳುವುದೊಂದು ಬಾಕಿ. ಅವ್ವ ಮಾತ್ರ ನನ್ನ ಮೇಲೆಯೇ ತಿರುಗಿಬಿದ್ದರು.

“ಭಾಳ ಹೊಲಸು ಹಿಡದಿತ್ತು ನೋಡು. ತಿಕ್ಕಿದಷ್ಟೂ ಕರ್ರಗ ನೀರು ಬರಾಕತ್ತಿತ್ತು. ತಿಂಗಳಾ ಬಂದು ಹೋಗ್ತಿ, ಒಂದಿನಾನೂ ನೆಟ್ಟಗ ತೊಳದಿಲ್ಲೇನು?”

ಮಂಠಾಳದ ಅಜ್ಜ

ಹಬ್ಬ ಕಳೆದ ಮೇಲೆ ಸಾವಕಾರರು ಹತ್ತಿರದ ಊರು ಮಂಠಾಳಕ್ಕೆ ಹೊರಟರು. ಹೊಸದಾಗಿ ಪಾಲಿಶ್ ಮಾಡಿದ ಗಾಡಿಯನ್ನು ಒಂಟಿಯಾಗಿ ಕಳಿಸಲು ಮನಸ್ಸು ಬರದೆ ಕಾವಲಿಗೆ ನಾನೂ ಹೋದೆ. ಸಾವಕಾರರು ಒಬ್ಬರ ಮನೆಯೊಳಗೆ ಹೋದದ್ದೇ ತಡ, ಜನ ಸೇರಿದರು. ಮೋಟಾರು ನೋಡಲಲ್ಲ, ತಮ್ಮ ತಮ್ಮ ಮುಖ ನೋಡಿಕೊಳ್ಳಲು! ಒಬ್ಬ ಮೀಸೆ ತಿರುವಿದ. ಇನ್ನೊಬ್ಬ ಹಲ್ಲು ಕಿಸಿದು ಎಣಿಸಿಕೊಂಡ. ಒಬ್ಬ ಅಜ್ಜ ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಳ್ಳಲು ಶುರುಮಾಡಿದ. ಅವನ ಕೈಯ ಬೆಳ್ಳಿ ಕಡಗ ಗಾಡಿಯ ಬಾಗಿಲಿಗೆ ತಾಗಿ ಕಿರ್ರೆನ್ನುತ್ತಿತ್ತು.

“ಹಿಂದ ಸರೀರಿ ಅಜ್ಜಾರ!”

“ಹಿಂದ ಸರದ್ರ ಮಾರಿ ಹ್ಯಾಂಗ ಕಾಣಬೇಕೋ?” ಎಂದು ಅಜ್ಜ ಬಾಗಿಲಿಗೆ ಹಾ ಎಂದು ಉಸಿರು ಬಿಟ್ಟು, ಹೆಗಲ ಮೇಲಿನ ಕಂಬಳಿಯಿಂದ ಗಸಗಸ ತಿಕ್ಕಿಬಿಟ್ಟ. ಕುರಿ ಉಣ್ಣೆಯ ಕಂಬಳಿ ಅದು! ನನ್ನ ಚರ್ಮ ಸುಲಿದಂತಾಯಿತು. ಅಷ್ಟು ಸಾಲದೆಂದು ಅಜ್ಜ ಬಗ್ಗಿ ನೋಡಿ ಮುಖ ಸಿಂಡರಿಸಿದ.

“ಏನ್ ಕೆಲಸಾ ಮಾಡೀಯೋ? ಎಲ್ಲಾ ಬರೇ ಗೆರಿನೇ ಕಾಣಾಕತ್ತಾವ.”

ಕೆಂಡದಂಥ ಸಿಟ್ಟು ಬಂದಿತ್ತು. ನಾನೂ ಬಗ್ಗಿ ನೋಡಿದೆ. ಅಜ್ಜನಿಗೆ ಎಂಬತ್ತರ ಮೇಲೆ ವಯಸ್ಸು. ಆ ಗೆರೆಗಳಲ್ಲಿ ಗಾಡಿಯವು ಎಷ್ಟು, ಅಜ್ಜನವು ಎಷ್ಟು ಎಂದು ನನಗೂ ಹೇಳಲಾಗಲಿಲ್ಲ.

ದೊಡ್ಡ ಸಾಹೇಬರು ಬರುವ ದಿನ

ಮುಂದೆ ಬಂದ ಬೇಸಿಗೆಯಲ್ಲಿ ಜಿಲ್ಲೆಯ ದೊಡ್ಡ ಸಾಹೇಬರು ಕಲ್ಯಾಣಿಗೆ ಬರುವವರಿದ್ದರು. ಅವರನ್ನು ಊರೊಳಗೆ ಕರೆತರುವುದು ಸಾವಕಾರರ ಮೋಟಾರಿನಲ್ಲಿ, ಅದೂ ಸುಡುಸುಡು ಮಧ್ಯಾಹ್ನ. “ಇವತ್ತೊಂದು ಸುತ್ತು ಕಂಡ್ರ ನಾಳಿಂದ ನೀ ಬರಬ್ಯಾಡ” ಎಂದರು ಸಾವಕಾರರು ಆ ದಿನ ನಸುಕಿನಲ್ಲೇ.

ಲಡಾಯಿಯಿಂದಾಗಿ ವಿಲಾಯತಿ ಪಾಲಿಶಿನ ಡಬ್ಬಿ ಕಾಣದೆ ಎಷ್ಟೋ ದಿನವಾಗಿತ್ತು. ಜೇನುಮೇಣ, ನುಣ್ಣನೆಯ ಸುಣ್ಣದ ಕಲ್ಲಿನ ಪುಡಿ, ಬೇಕಾದಷ್ಟು ಅಗಸೆ ಎಣ್ಣೆ ಕೂಡಿಸಿ ನಾನೇ ಒಂದು ಪಾಲಿಶ್ ಮಾಡಿದ್ದೆ. ಅದನ್ನು ಹಚ್ಚಿ ಒಣಗಲು ಬಿಡಬೇಕು. ಬೆಳ್ಳಗೆ ಮಬ್ಬು ಕಟ್ಟಿದ ಮೇಲೆ ಮೆತ್ತನೆಯ ಅರಿವೆಯಿಂದ ತೆಗೆಯಬೇಕು. ನಸುಕಿನಿಂದ ಕೂತು ಬಲಗಡೆ ಪೂರ್ತಿ ಮುಗಿಸಿದೆ. ಎಡಗಡೆಗೆ ಹಚ್ಚಿ ಒಣಗಲು ಬಿಟ್ಟೆ. ಅಷ್ಟರಲ್ಲಿ ಅವ್ವ, “ಎರಡು ರೊಟ್ಟಿ ತಿಂದು ಹೋಗೋ” ಎಂದು ಕರೆದರು. ಹೋದೆ. ಹೋಗಬಾರದಿತ್ತು.

ಕೈ ತೊಳೆದು ಬಂದು ನೋಡುತ್ತೇನೆ, ಅವ್ವನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಮೋಟಾರಿನ ಎಡಗಡೆ ನಿಂತಿದೆ. ದಿನಾ ಸಂಜೆ ಅಗಸೆ ಹಿಂಡಿ ತಿಂದು ಬೆಳೆದ ಎಮ್ಮೆ ಅದು! ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ಬಾಗಿಲವರೆಗೆ ನೆಕ್ಕಿ ನೆಕ್ಕಿ ಮಬ್ಬೆಲ್ಲ ತೆಗೆದು, ಇನ್ನೂ ಇದೆಯೇ ಎಂದು ನನ್ನ ಕಡೆ ನೋಡಿತು. ನಾನು ಬಾಯಿ ಬಡಿದುಕೊಂಡ ಸದ್ದಿಗೆ ಸಾವಕಾರರು ಹೊರಗೆ ಬಂದರು.

ಮೊದಲು ನೋಡಿದ್ದು ನಾನು ತಿಕ್ಕಿ ಮುಗಿಸಿದ್ದ ಬಲಗಡೆ. ನಾನು ಊಟಕ್ಕೆ ಹೋದಾಗ ಡ್ರೈವರ್ ಅಲ್ಲಿ ರುಮಾಲು ಆಡಿಸಿದ್ದ. ಬಿಸಿಲಿನಲ್ಲಿ ಸುತ್ತುಗಳು ಗಿರಗಿರ ಎನ್ನುತ್ತಿದ್ದವು. ಸಾವಕಾರರ ಮೂಗು ಕೆಂಪಾಯಿತು. ಎಡಗಡೆಗೆ ಬಂದರು. ಬಗ್ಗಿದರು. ಕಣ್ಣಿಗೆ ಕೈ ಅಡ್ಡ ಹಿಡಿದರು.

“ಈ ಕಡಿ ಒಂದೂ ಸುತ್ತಿಲ್ಲಲ್ಲೋ! ಹೀಂಗ ತಿಕ್ಕಬೇಕು ನೋಡು! ಯಾರು ತಿಕ್ಕಿದ್ರು?”

“ಎಮ್ಮಿ ರೀ” ಎಂದ ಡ್ರೈವರ್.

“ಸಾವಕಾರ್ರ, ಸರಿಯಾಗಿ ನೋಡ್ರಿ! ಅವೆಲ್ಲಾ ನಾಲಿಗಿ ಗೀರು ರೀ! ಕೆಳಗಿಂದ ಮ್ಯಾಲತನ ಬಣ್ಣ ಕೆರದದ!” ಎಂದು ಕೂಗಿದೆ. ಸೊಲ್ಲಾಪುರದಲ್ಲಿ ಕಲಿತ ಕಸುಬಿನ ಮಾನ ಹೋಗುತ್ತಿತ್ತು, ಕಣ್ಣಲ್ಲಿ ನೀರೇ ಬಂತು.

“ಸುತ್ತಂತೂ ಇಲ್ಲಲ್ಲ” ಎಂದರು ಸಾವಕಾರರು. ಗಡಿಯಾರ ನೋಡಿದರು. ಎಮ್ಮೆಯನ್ನು ನೋಡಿದರು. ನನ್ನ ಬೆನ್ನು ತಟ್ಟಿದರು.

“ಅಳಬ್ಯಾಡ, ನಿನ್ನ ಕೆಲಸ ಎಲ್ಲೂ ಹೋಗೂದಿಲ್ಲ. ನೀ ಆ ಕಡಿ ಎಣ್ಣಿ ಹಚ್ಚು ಸಾಕು.” ಡ್ರೈವರನ ಕಡೆ ತಿರುಗಿದರು. “ಏ, ಎಮ್ಮೀನ್ ಬಲಗಡಿ ತಂದು ಕಟ್ಟು.”