ಸಣ್ಣ ರೈಲಿನಲ್ಲಿ ಬಾಗಿಲ ಪಕ್ಕದ ಜಾಗ

ಎದುರಿಗೆ ಒಬ್ಬ ಮನುಷ್ಯ ಅಂತ ಇದ್ದರೆ ನನಗೆ ಯಾವ ಭಯವೂ ಇಲ್ಲ. ಅಮಲ್ದಾರರಿರಲಿ, ಸಂತೆಯಲ್ಲಿ ಎತ್ತು ಮಾರುವವನಿರಲಿ, ಮಾತು ಶುರುವಾದ ಮೇಲೆ ಎಲ್ಲೋ ಒಂದು ಕಡೆ ಬಗ್ಗಿಯೇ ಬಗ್ಗುತ್ತಾನೆ ಎಂಬ ಧೈರ್ಯ ನನಗುಂಟು. ತಲೆಯ ಮೇಲೆ ತೆಂಗಿನಕಾಯಿ ಹೊತ್ತು ಊರೂರು ತಿರುಗುತ್ತಿದ್ದವನು ಇವತ್ತು ಕಡೂರಿನಲ್ಲಿ ಸ್ವಂತ ಮಂಡಿ ಇಟ್ಟುಕೊಂಡಿದ್ದೇನೆಂದರೆ ಅದು ಬರೀ ಈ ನಾಲಿಗೆಯಿಂದ. ಆದರೆ ಮಾತು ಕೇಳದ ವಸ್ತುಗಳನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ತುಂಬಿದ ಹೊಳೆ, ಬೆದರಿದ ಎಮ್ಮೆ, ಎಲ್ಲಕ್ಕಿಂತ ಹೆಚ್ಚಾಗಿ ಇಳಿಜಾರು. ಇಳಿಜಾರಿನ ಜೊತೆ ಚೌಕಾಸಿ ನಡೆಯುವುದಿಲ್ಲ. ಈ ಗುಟ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ಗೌರಮ್ಮನಿಗಂತೂ ಇಲ್ಲವೇ ಇಲ್ಲ. ಮದುವೆಯಾದಾಗಿನಿಂದ ಅವಳು ನನ್ನನ್ನು ಎದೆಗಾರ ಎಂದೇ ನಂಬಿದ್ದಳು. ಆ ನಂಬಿಕೆಯನ್ನು ನಾನು ಮಂಡಿಯ ಬೀಗದ ಕೈಗಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ.

ಗೌರಮ್ಮನ ತವರಿಗೆ ಹೋಗಬೇಕಾದರೆ ತರೀಕೆರೆಯಲ್ಲಿ ದೊಡ್ಡ ರೈಲಿನಿಂದ ಇಳಿದು, ಕಾಡಿನ ಕಡೆ ಹೋಗುವ ಸಣ್ಣ ರೈಲು ಹತ್ತಬೇಕು. ಮರದ ದಿಮ್ಮಿ ಸಾಗಿಸುವ ರೈಲು ಅದು. ಮನುಷ್ಯರನ್ನು ಕೂರಿಸಿಕೊಳ್ಳುವುದು ಏನೋ ದಾಕ್ಷಿಣ್ಯಕ್ಕೆ. ಹಳಿಗಳ ಮೇಲೆ ನನ್ನ ಕೊಡೆಯನ್ನು ಅಡ್ಡಲಾಗಿ ಇಟ್ಟರೆ ಎರಡು ಕಡೆಯೂ ಹೊರಕ್ಕೆ ಚಾಚುತ್ತದೆ. ಸುಮ್ಮನೆ ಹೇಳುತ್ತಿಲ್ಲ, ಇಟ್ಟು ನೋಡಿದ್ದೇನೆ. ಕೊಡೆಯಷ್ಟು ಅಗಲವೂ ಇಲ್ಲದ ದಾರಿಯ ಮೇಲೆ, ಕುದಿಯುವ ಹಂಡೆಯೊಂದನ್ನು ಮುಂದೆ ಕಟ್ಟಿಕೊಂಡು, ನಾಲ್ಕು ಡಬ್ಬಿ ಜನ ಗುಡ್ಡ ಹತ್ತುವುದೆಂದರೆ ಏನರ್ಥ? ಇಷ್ಟು ವರ್ಷ ನಾನು ಏನಾದರೊಂದು ನೆವ ಹೇಳಿ ಎತ್ತಿನ ಗಾಡಿಯಲ್ಲೇ ಹೋಗಿಬರುತ್ತಿದ್ದೆ. "ಗಾಡಿಯಾದ್ರೆ ದಾರಿಯಲ್ಲಿ ನಾಲ್ಕು ಜನ ಗಿರಾಕಿ ಸಿಕ್ತಾರೆ ಕಣೇ" ಅನ್ನುತ್ತಿದ್ದೆ. ಈ ಸಲ ಅತ್ತೆಯವರು ಹಿತ್ತಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರೆಂಬ ಸುದ್ದಿ ಬಂತು. ಎರಡು ದಿನ ಹಿಡಿಯುವ ಗಾಡಿಯಲ್ಲೇ ಹೋಗೋಣ ಅನ್ನಲು ಬಾಯಿ ಬರಲಿಲ್ಲ.

ಟಿಕೆಟ್ಟಿನ ಕಿಟಕಿಯ ಮುಂದೆ ನನ್ನ ಭಯ ಸ್ವಲ್ಪ ಇಳಿಯಿತು. ಯಾಕೆಂದರೆ ಅಲ್ಲಿ ಒಬ್ಬ ಮನುಷ್ಯನಿದ್ದ. "ದೊಡ್ಡ ರೈಲಿನಷ್ಟೇ ಕಾಸು ಈ ಆಟದ ರೈಲಿಗೂ ಕೊಡಬೇಕೇನಪ್ಪಾ?" ಎಂದೆ. ಅವನು ತಲೆ ಎತ್ತದೆಯೇ, "ಅದೇ ಕಾಸಿಗೆ ಮೂರರಷ್ಟು ಹೊತ್ತು ಕೂರಿಸ್ತೀವಲ್ಲ ಸಾವ್ಕಾರ್ರೇ" ಎಂದ. ಅಂಥವನನ್ನು ನನ್ನ ಮಂಡಿಗೆ ಇಟ್ಟುಕೊಳ್ಳಬೇಕು ಅನ್ನಿಸಿತು.

ಸಣ್ಣ ರೈಲಿನಲ್ಲಿ ಹೋಗುವವರಿಗೆ ನಾನು ಕೊಡುವ ಬುದ್ಧಿವಾದ ಇಷ್ಟು. ಹಳೆಯ ರುಮಾಲು ಸುತ್ತಿಕೊಂಡು ಹೋಗಿ. ಇಂಜಿನ್ನಿನ ಕಿಡಿ ಹಾರಿ ಹೊಸದಕ್ಕೆ ತೂತು ಬೀಳುತ್ತದೆ. ಎದುರಿಗೆ ಕುಳಿತವರ ಮೊಣಕಾಲಿಗೂ ನಿಮ್ಮ ಮೊಣಕಾಲಿಗೂ ನಡುವೆ ಜಾಗವಿರುವುದಿಲ್ಲ, ಆದ್ದರಿಂದ ಹತ್ತುವ ಮೊದಲೇ ಜಗಳವಿದ್ದರೆ ತೀರಿಸಿಕೊಳ್ಳಿ. ಹಳ್ಳ ಬಂದಲ್ಲಿ ಇಂಜಿನ್ನು ನೀರು ಕುಡಿಯಲು ನಿಲ್ಲುತ್ತದೆ, ಪರಿಚಯದವರು ಕೈ ಅಡ್ಡ ಹಿಡಿದರೂ ನಿಲ್ಲುತ್ತದೆ, ಬುತ್ತಿ ಕಟ್ಟಿಕೊಳ್ಳಿ. ಇವೆಲ್ಲ ಒಳ್ಳೆಯ ಮಾತುಗಳು. ಇನ್ನೊಂದು ಮಾತನ್ನೂ ಆ ದಿನ ಹೇಳುತ್ತಿದ್ದೆ, ಅದನ್ನು ಈಗ ಹೇಳುವುದಿಲ್ಲ. ಏನೆಂದರೆ, ಕೊನೆಯ ಡಬ್ಬಿಯಲ್ಲಿ, ಬಾಗಿಲ ಪಕ್ಕ ಕೂರಬೇಕು ಅಂತ. ನನ್ನ ಲೆಕ್ಕಾಚಾರ ಹೀಗಿತ್ತು: ಹಂಡೆ ಸಿಡಿದರೆ ಮುಂದಿನ ಡಬ್ಬಿಯವರಿಗೆ ಮೊದಲು ಪೆಟ್ಟು. ಹಳಿ ತಪ್ಪಿದರೆ ಮಧ್ಯದವರು ಜಜ್ಜಿಹೋಗುತ್ತಾರೆ. ಕೊನೆಯವನಿಗೆ ಮಾತ್ರ ಯೋಚನೆ ಮಾಡಲು ಸಮಯವಿರುತ್ತದೆ. ಎರಡನೆಯ ಡಬ್ಬಿಯಲ್ಲಿ ನಮಗೆ ಸಿಕ್ಕಿದ್ದ ಒಳ್ಳೆಯ ಜಾಗವನ್ನು ಬಿಟ್ಟು, ಗಾರ್ಡಿನ ಕೈಗೆ ಎರಡು ಕಾಯಿ ಇಟ್ಟು, ಕೊನೆಯ ಡಬ್ಬಿಯ ಬಾಗಿಲ ಪಕ್ಕ ಜಾಗ ಸಂಪಾದಿಸಿದೆ. ಅಷ್ಟಕ್ಕೇ ಸುಮ್ಮನಿರದೆ, ಅಜ್ಜಂಪುರದ ಕಂಬಳಿ ವ್ಯಾಪಾರಿ ತಿಪ್ಪೇಶಪ್ಪನೆಂಬ ದಢೂತಿ ಆಸಾಮಿಯನ್ನೂ ಇನ್ನೂ ಏಳೆಂಟು ಜನರನ್ನೂ ಕರೆದು ಕರೆದು ಅದೇ ಡಬ್ಬಿಗೆ ಹತ್ತಿಸಿದೆ.

ಊಟದ ಹೊತ್ತು ಮೀರಿರಬೇಕು, ಗುಡ್ಡದ ಏರು ಶುರುವಾಯಿತು. ಇಂಜಿನ್ನು ಉಬ್ಬಸದವರಂತೆ ಏದುಸಿರು ಬಿಟ್ಟಿತು. ಚಕ್ರ ಜಾರದಿರಲೆಂದು ಹಳಿಗೆ ಮರಳು ಚೆಲ್ಲಿದರು. ಚಕ್ರ ಸುತ್ತಿತು, ರೈಲು ಮುಂದೆ ಹೋಗಲಿಲ್ಲ. ಬ್ರೇಕಿನ ಆಳು ಹನುಮ ನಮ್ಮ ಡಬ್ಬಿಯ ಮುಂದೆ ಬಗ್ಗಿ ಏನೋ ಮಾಡುತ್ತಿದ್ದ.

"ಏನಪ್ಪಾ ಬಿಚ್ತಿದೀಯ ಅಲ್ಲಿ?" ಎಂದೆ.

"ಕೊಂಡಿ, ಸಾವ್ಕಾರ್ರೇ. ಭಾರ ಜಾಸ್ತಿ ಆಯ್ತು. ಮುಂದಿನ ಡಬ್ಬಿಗಳ್ನ ಗುಡ್ಡದ ಮೇಲೆ ಬಿಟ್ಬಂದು ಆಮೇಲೆ ಈ ಡಬ್ಬಿ ಎಳ್ಕೊಂಡು ಹೋಯ್ತಾರೆ. ದಿನಾ ಇದೇ."

"ದಿನಾ ಕೊನೇ ಡಬ್ಬೀನೇ ಬಿಡೋದಾ?"

"ಮತ್ತೆ ಮಧ್ಯದ್ದು ಬಿಡಕ್ಕಾಯ್ತದಾ?"

ರೈಲು ಹೊರಟೇಹೋಯಿತು. ಅದರ ಸದ್ದು ಕರಗಿದ ಮೇಲೆ ಉಳಿದದ್ದು ಕಾಡು, ನಮ್ಮ ಡಬ್ಬಿ, ಹನುಮ ತಿರುಗಿಸಿದ ಒಂದು ಕೈಬ್ರೇಕು, ಚಕ್ರದಡಿ ಇಟ್ಟ ಎರಡು ಕಲ್ಲು. ಹಿಂದಕ್ಕೆ ತಿರುಗಿ ನೋಡಿದೆ, ನೋಡಬಾರದಿತ್ತು. ಹಳಿ ನೇರ ಕೆಳಗಿಳಿದು, ಒಂದು ತಿರುವು ತೆಗೆದುಕೊಂಡು, ನಾವು ಆಗತಾನೆ ದಾಟಿ ಬಂದ ಸೇತುವೆಗೆ ಸೇರುತ್ತಿತ್ತು. ಸೇತುವೆಗೆ ಕಟಕಟೆ ಇರಲಿಲ್ಲ. ಕೊಡೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ.

"ಕೊನೇ ಡಬ್ಬೀಲಿ ಕೂತ್ರೆ ಯೋಚನೆ ಮಾಡಕ್ಕೆ ಟೈಮಿರ್ತದೆ ಅಂದ್ರಲ್ಲ ಸ್ವಾಮಿ, ಈಗ ಯೋಚನೆ ಮಾಡಿ" ಎಂದ ತಿಪ್ಪೇಶಪ್ಪ. ಹಾಗೆಂದು ಮಗ್ಗುಲು ಬದಲಾಯಿಸಿದ. ಅವನ ಮಗ್ಗುಲೆಂದರೆ ಸಾಮಾನ್ಯವೆ? ಕೆಳಗೆ ಕಲ್ಲು ಕರ್ ಎಂದಿತು. ಡಬ್ಬಿ ಹೆಬ್ಬೆರಳಷ್ಟು ಹಿಂದಕ್ಕೆ ಜರುಗಿತು.

ನಾನು ನೆಗೆದದ್ದು ನನಗೆ ನೆನಪಿಲ್ಲ. ನೋಡಿದರೆ ನೆಲದ ಮೇಲೆ ನಿಂತಿದ್ದೆ. ಕೈಯಲ್ಲಿ ಕೊಡೆ ಇತ್ತು. ಹೆಂಡತಿ ಡಬ್ಬಿಯಲ್ಲಿದ್ದಳು.

"ಯಾರೂ ಇಳೀಬ್ಯಾಡಿ! ಅಲ್ಲಾಡ್ಬ್ಯಾಡಿ! ಕಲ್ಲು ಜಾರ್ತದೆ!" ಎಂದು ಹನುಮ ಕೂಗಿದ. ಕಿಟಕಿಗಳಿಂದ ಎಲ್ಲರೂ ನನ್ನನ್ನೇ ನೋಡಿದರು. ಗೌರಮ್ಮನೂ ನೋಡಿದಳು.

"ಏನ್ ಸ್ವಾಮಿ, ಇಳಿದ್ಬಿಟ್ರಿ?" ಎಂದ ತಿಪ್ಪೇಶಪ್ಪ.

ಮೂವತ್ತು ವರ್ಷ ನನ್ನನ್ನು ಸಾಕಿದ ನಾಲಿಗೆ ಆಗಲೂ ಕೈಬಿಡಲಿಲ್ಲ. "ಇಳೀದೆ ಏನಪ್ಪಾ ಮಾಡ್ಲಿ? ಯಾರಾದ್ರೂ ಒಬ್ರು ಡಬ್ಬಿ ಹಿಡ್ಕೋಬೇಕಲ್ಲ!" ಎಂದುಬಿಟ್ಟೆ.

ಹೇಳಿದ ಮೇಲೆ ಹಿಡಿಯಬೇಕಲ್ಲ! ಡಬ್ಬಿಯ ಹಿಂದೆ ಹೋಗಿ, ಎರಡು ಹಳಿಗಳ ನಡುವೆ ಕಾಲೂರಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಮೇಲಿದ್ದವರಿಗಿಂತ ನೂರು ಪಾಲು ಅಪಾಯದ ಜಾಗ ಅದು ಎಂದು ನಿಂತ ಮೇಲೆ ಹೊಳೆಯಿತು. ಡಬ್ಬಿ ಉರುಳಿದರೆ ಅದರಲ್ಲಿದ್ದವರು ಸೇತುವೆಯವರೆಗಾದರೂ ಹೋಗುತ್ತಿದ್ದರು. ನಾನು ಅಲ್ಲಿಯವರೆಗೂ ಹೋಗುತ್ತಿರಲಿಲ್ಲ. ಹನುಮ ಹತ್ತಿರ ಬಂದು ಮೆಲ್ಲಗೆ, "ಸಾವ್ಕಾರ್ರೇ, ಉರುಳಿದ್ರೆ ನೀವು ಹಿಡಿದ್ರೂ ನಿಲ್ಲಾಕಿಲ್ಲ. ಪಕ್ಕಕ್ಕೆ ಬನ್ನಿ" ಎಂದ. ಹೇಗೆ ಬರಲಿ? ನೆತ್ತಿಯ ಮೇಲಿನ ಕಿಟಕಿಯಲ್ಲಿ ಗೌರಮ್ಮನ ಬಳೆಯ ಸದ್ದು ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೆ ಸೇತುವೆ ಇನ್ನೂ ಹತ್ತಿರವಾಯಿತು. ಬೆನ್ನಿಗೆ ತಾಗಿದ ಕಬ್ಬಿಣದ ಮೂಲಕ ಮೇಲಿನವರ ಒಂದೊಂದು ಕೆಮ್ಮೂ ನನಗೆ ತಿಳಿಯುತ್ತಿತ್ತು. ಪ್ರತಿ ಕೆಮ್ಮಿಗೂ ನನ್ನ ಜೀವ ಒಮ್ಮೆ ಹೋಗಿಬರುತ್ತಿತ್ತು.

"ಲೇ ಹನುಮಾ, ಡಬ್ಬಿ ನಡುಗ್ತಾ ಇದೆ ಕಣೋ!" ಎಂದು ಮೇಲಿನಿಂದ ತಿಪ್ಪೇಶಪ್ಪನ ಕೂಗು.

"ಡಬ್ಬಿ ಅಲ್ಲ, ಸಾವ್ಕಾರ್ರು" ಎಂದ ಹನುಮ.

ಇಂಜಿನ್ನು ಎಷ್ಟು ಹೊತ್ತಿಗೆ ಬಂತೋ ಕಾಣೆ. ಕೊಂಡಿ ಬಿದ್ದ ಸದ್ದು ಕೇಳಿ ಹಳಿಯ ಪಕ್ಕದಲ್ಲಿ ಕುಸಿದು ಕುಳಿತೆ. ಇಬ್ಬರು ನನ್ನನ್ನು ಎತ್ತಿ ಡಬ್ಬಿಗೆ ಹಾಕಿದರು. ತಿಪ್ಪೇಶಪ್ಪ ಕೈಮುಗಿದು ಕಂಬಳಿ ಹೊದಿಸಿದ. ಗೌರಮ್ಮ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ನನ್ನ ಮುಷ್ಟಿಯಿಂದ ಕೊಡೆ ಬಿಡಿಸಿ, ಅದನ್ನೊಮ್ಮೆ ನೋಡಿ ಪಕ್ಕಕ್ಕಿಟ್ಟಳು.

ತವರಿನಲ್ಲಿ ಅವಳೇ ಎಲ್ಲರಿಗೂ ಹೇಳಿದಳು. "ಡಬ್ಬಿಗೆ ಬೆನ್ನು ಕೊಟ್ಟು ನಿಂತಿದ್ರು ಕಣವ್ವಾ" ಎಂದಾಗ ಅತ್ತೆಯವರು ಕಟ್ಟು ಹಾಕಿದ ಕಾಲನ್ನೂ ಮರೆತು ಎದ್ದು ಕೂತರು. ನಾಲ್ಕು ದಿನ ನನಗೆ ತುಪ್ಪದ ಲೆಕ್ಕವಿರಲಿಲ್ಲ. ನೋಡಲು ಬಂದವರಿಗೆಲ್ಲ, ಉರುಳುವ ಡಬ್ಬಿಯನ್ನು ಹಿಡಿಯುವಾಗ ಕಾಲು ಎಲ್ಲಿ ಊರಬೇಕು, ಉಸಿರು ಹೇಗೆ ಕಟ್ಟಬೇಕು ಎಂದು ವಿವರವಾಗಿ ಬುದ್ಧಿವಾದ ಹೇಳಿದೆ. ನನ್ನ ಗುಟ್ಟು ಉಳಿಯಿತು, ಬಡ್ಡಿ ಸಮೇತ ಉಳಿಯಿತು ಎಂದುಕೊಂಡೆ.

ಐದನೆಯ ದಿನ ತಿರುಗಿ ಹೊರಟೆವು. ಈ ಸಲ ಗಾರ್ಡಿಗೆ ಮೂರು ಕಾಯಿ ಕೊಟ್ಟು, ಎರಡನೆಯ ಡಬ್ಬಿಯಲ್ಲಿ ಜಾಗ ಹಿಡಿದು, ಬಾಗಿಲ ಪಕ್ಕಕ್ಕೆ ನನ್ನ ವಸ್ತ್ರ ಹಾಸಿದೆ. ಗೌರಮ್ಮ ಹತ್ತಿದಳು. ವಸ್ತ್ರವನ್ನು ಎತ್ತಿ ಮಡಿಸಿ ಒಳಗಡೆ ಜಾಗಕ್ಕೆ ಇಟ್ಟಳು. ಬಾಗಿಲ ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಳು.

"ಈ ಸಲ ಇಲ್ಲಿ ನಾನು ಕೂತ್ಕೋತೀನಿ, ನೀವು ಒಳಗೆ ಕೂತ್ಕೊಳ್ಳಿ" ಎಂದಳು. ಆಮೇಲೆ ಕೈ ಚಾಚಿ, "ಆ ಕೊಡೇನೂ ಇತ್ತ ಕೊಡಿ" ಎಂದಳು.

ಬಾಯಿ ತೆರೆದೆ. ಎದುರಿಗೆ ಇದ್ದದ್ದು ಮನುಷ್ಯರೇ, ಇಳಿಜಾರಲ್ಲ. ಆದರೂ ಚೌಕಾಸಿ ಮಾಡದೆ ಕೊಟ್ಟುಬಿಟ್ಟೆ.