ತೂಕದ ಅಂಬರೀಶನ ಹಗುರ ಸೈಕಲ್ಲು

“ಅಲ್ಯೂಮಿನಿ ಅಂತೀ, ಹೌದೇನು ಬೇಟಾ? ನಮ್ಮನಿ ಹಾಲಿನ ಡಬರಿ ಇದಕ್ಕಿಂತ ದಪ್ಪ ಅದ,” ಎಂದು ನೆರೆಮನೆಯ ಕುಬ್ರಾ ಬೇಗಂ ಬೆರಳ ಗೆಣ್ಣಿನಿಂದ ಸೈಕಲ್ಲಿನ ನಡುಕೊಳವೆಯನ್ನು ಟಣ್ ಟಣ್ ಎಂದು ಬಡಿದು, ಕಿವಿಗೊಟ್ಟು ಕೇಳಿದರು. ಸಂತೆಯಲ್ಲಿ ಗಡಿಗೆ ಆರಿಸುವವರ ಹಾಗೆ.

“ಡಬರಿ ಬ್ಯಾರೆ, ಇದು ಬ್ಯಾರೆ ರೀ ಖಾಲಾ. ವಿಮಾನಕ್ಕ ಹಾಕ್ತಾರಲ್ಲ, ಆ ಪೈಕಿ ಮಾಲು ಇದು,” ಎಂದ ಅಂಬರೀಶ, ಎದೆ ಸ್ವಲ್ಪ ಮುಂದೆ ಮಾಡಿ.

“ವಿಮಾನದ್ದಾ! ಹಂಗಾದ್ರ ಭಾಳ ಚಲೋ ಆತು. ಈ ಉಪ್ಪಿನಕಾಯಿ ಡಬ್ಬಿ ನಮ್ಮ ಗುಲ್ಫಶಾಗ ಮುಟ್ಟಿಸಿಬಿಡು. ಹೆಂಗೂ ಮಾನ್ವಿಗೇ ಹೊಂಟೀಯಲ್ಲ.”

ಮುಂದೆ ಬಂದಿದ್ದ ಎದೆ ಹಾಗೇ ಹಿಂದೆ ಹೋಯಿತು. ಬೇಗಂ ಅವರ ಮಗಳು ಗುಲ್ಫಶಾ ಇದ್ದದ್ದು ಮಾನ್ವಿಯಲ್ಲೇ, ಅದು ಸರಿ. ಆದರೆ ಆ ಡಬ್ಬಿ! ಅಂಬರೀಶನಿಗೆ ಯಾವುದನ್ನು ಕಂಡರೂ ಮೊದಲು ಅದರ ತೂಕ ಕಾಣುತ್ತಿತ್ತು. ಎರಡೂಕಾಲು ಕಿಲೋ, ಮುಚ್ಚಳ ಸೇರಿ.

ಅವನ ತಪ್ಪೇನಲ್ಲ. ರಾಯಚೂರಿನ ಒಂದು ರೈಸ್ ಮಿಲ್ಲಿನ ಲಾರಿ ಕಾಟಾದಲ್ಲಿ ಅವನು ತೂಕದ ಗುಮಾಸ್ತ. ಹಗಲೆಲ್ಲ ಭತ್ತದ ಲಾರಿಗಳನ್ನು ಟನ್ನುಗಳಲ್ಲಿ ತೂಗುವವನು, ಸಂಜೆಯಾದರೆ ಪತ್ತಾರರ ಅಂಗಡಿಗೆ ಹೋಗಿ, ಬಂಗಾರ ತೂಗುವ ತಕ್ಕಡಿಯಲ್ಲಿ ತನ್ನ ಸೈಕಲ್ಲಿನ ಬೋಲ್ಟು ತೂಗಿಸಿಕೊಂಡು ಬರುತ್ತಿದ್ದ. ಎಂಟು ಗ್ರಾಮಿನ ಬೋಲ್ಟು ತೆಗೆದು ಐದು ಗ್ರಾಮಿನದು ಹಾಕಿದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದ್ದ.

ಸೈಕಲ್ಲಿನ ಮೂಲ ದೇವದುರ್ಗ. ಅಲ್ಲಿನ ಡಾಕ್ಟರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ್ದು. ಹೆಂಡತಿಯ ಕಾಕ ಯಂಕೋಬ ನಡುವೆ ನಿಂತು ಕುದುರಿಸಿ, ಹತ್ತಿ ಟೆಂಪೋದ ಮೇಲೆ ಕಟ್ಟಿ ಕಳಿಸಿದ್ದ. ಹೊಸದು ಕೊಳ್ಳುವ ಶಕ್ತಿ ಅಂಬರೀಶನಿಗೆ ಇರಲಿಲ್ಲ. ಆದರೆ ಏನು ಭಕ್ತಿ ಅಂತೀರಿ! ದೀಪಾವಳಿ ಬೋನಸ್ಸಿಗೆ ಹೈದರಾಬಾದಿನಿಂದ ಹಗುರ ಗಾಲಿ, ಯುಗಾದಿಗೆ ಹುಬ್ಬಳ್ಳಿಯವರೊಬ್ಬರು ಬಳಸಿಬಿಟ್ಟ ಕಾರ್ಬನ್ ಫೋರ್ಕು, ಹೊಸ ಮೊಬೈಲ್ ಕೊಳ್ಳುವ ಬದಲು ಹಳೆಯದರ ಒಡೆದ ಗಾಜಿಗೆ ಟೇಪ್ ಅಂಟಿಸಿಕೊಂಡು ಹತ್ತು ಹಲ್ಲುಚಕ್ರದ ಗೇರು. ಒಂದೊಂದೂ ಬಂದಾಗ ಗಲ್ಲಿಯ ತುದಿಯ ಸೈಕಲ್ ಅಂಗಡಿಯ ಜಿಲಾನಿ ಪಾಷಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಿಸ್ಮಿಲ್ಲಾ ಅಂದೇ ಜೋಡಿಸುತ್ತಿದ್ದ. ಜೋಡಿಸಿ ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತ, ಹುಟ್ಟಿದ ಕೂಸನ್ನು ನೋಡುವವರಂತೆ ಸುಮ್ಮನೆ ನೋಡುತ್ತ ಕೂರುವರು. ನೋಡುವಂಥದ್ದೇ ಆಗಿತ್ತು ಬಿಡಿ. ಬೆಳ್ಳಿ ಬಣ್ಣ, ತೆಳು ಮೈ, ಕುರಿಕೊಂಬಿನಂತೆ ಬಾಗಿದ ಹ್ಯಾಂಡಲ್.

ಒಂದೇ ಕೊರತೆ. ಹತ್ತಿ ಕೂತರೆ ಅಂಬರೀಶನ ಮೊಣಕಾಲು ಎದೆಗೆ ಬರುತ್ತಿತ್ತು, ಬೆನ್ನು ಬಿಲ್ಲಾಗುತ್ತಿತ್ತು. ಬೆನ್ನು ನೋಯಿತೆಂದು ಉದ್ದನೆಯ ಸೀಟುಕೊಳವೆ ಹಾಕಿಸಿದ. ಕುತ್ತಿಗೆ ಹಿಡಿಯಿತೆಂದು ಹ್ಯಾಂಡಲ್ಲಿನ ಕತ್ತು ಬದಲಿಸಿದ. ಕೈ ಜೋಮು ಹಿಡಿಯಿತೆಂದು ಮೆತ್ತನೆ ಪಟ್ಟಿ ಸುತ್ತಿಸಿದ. ಸೈಕಲ್ಲಿನಲ್ಲಿ ಎಲ್ಲವೂ ಹೊಸದಾಯಿತು, ನೋವು ಮಾತ್ರ ಹಳೆಯದೇ ಉಳಿಯಿತು. “ರೇಸ್ ಸೈಕಲ್ ಅಂದ್ರ ಹಂಗ. ಕುಂದ್ರೂದು ರೂಢಿ ಆಗಬೇಕು,” ಎನ್ನುತ್ತಿದ್ದ.

“ಬಜೆಟ್‌ನಾಗ ತೂಕ ಇಳಿಸಬೇಕು ಅಂತೀರಲ್ಲ, ಹೊಟ್ಟಿ ಇಳಿಸ್ರಿ. ಪುಕ್ಕಟೆ ಮೂರು ಕಿಲೋ,” ಎನ್ನುತ್ತಿದ್ದಳು ಹೆಂಡತಿ ವಿಜಯಲಕ್ಷ್ಮಿ. ನಡುಮನೆಯ ಗೋಡೆಯ ಮೇಲೆ ದೇವರ ಪಟಕ್ಕಿಂತ ಎತ್ತರದಲ್ಲಿ ಸೈಕಲ್ ತೂಗಾಡುವುದು ಅವಳಿಗೆ ಸರಿಬಂದಿರಲಿಲ್ಲ. ಹೋದ ವಾರ ತೀರ್ಪು ಕೊಟ್ಟಿದ್ದಳು: “ಮಾನ್ವಿಯೊಳಗ ನಮ್ಮಣ್ಣನ ಮಗಳ ತೊಟ್ಲ ಅದ, ಹೆಸರಿಡೂದು. ನಾ ಬಸ್ಸಿಗೆ ಹೋಗ್ತೀನಿ. ಬಸ್ಸಿಗಿಂತ ಮೊದ್ಲ ಈ ಸೈಕಲ್ ನಮ್ಮಪ್ಪನ ಅಂಗಳದಾಗ ನಿಂತಿದ್ರ, ಅದು ಮನ್ಯಾಗ ಇರ್ಲಿ, ನಾ ಮಾತಾಡಂಗಿಲ್ಲ. ಇಲ್ಲಂದ್ರ ಮಾರಿಬಿಡೂದು. ಒಪ್ಪಿಗೀ?”

ಒಪ್ಪದೆ ಏನು ಮಾಡುವುದು? ಬಸ್ಸಿಗಿಂತ ಎರಡು ಗಂಟೆ ಮುಂಚೆ ಹೊರಟರೆ ಗೆದ್ದಂತೆಯೇ ಎಂದು ಇಂದು ನಸುಕಿನಲ್ಲೇ ಸೈಕಲ್ ಇಳಿಸಿ ಹೊರಗೆ ತಂದಿದ್ದ. ಗಲ್ಲಿ ಅವನಿಗಿಂತ ಮೊದಲೇ ಎದ್ದಿತ್ತು.

“ಡಬ್ಬಿ ಇಡಾಕ ಕ್ಯಾರಿಯರ್ ಇಲ್ಲ ರೀ ಖಾಲಾ,” ಎಂದು ಹೇಳಿ ನೋಡಿದ.

“ಅದೇನು ದೊಡ್ಡ ಮಾತು? ಏ ಜಿಲಾನೀ!”

ಜಿಲಾನಿ ಪಾಷಾ ಹಲ್ಲುಜ್ಜುತ್ತಲೇ ಕಬ್ಬಿಣದ ಕ್ಯಾರಿಯರ್ ಹಿಡಿದುಕೊಂಡು ಬಂದ. ಬಂದವನು ಸೈಕಲ್ ಬೆಲ್ಲೊಂದನ್ನೂ ತಂದಿದ್ದ. “ಹೈವೇ ಅದ ಅಣ್ಣಾ, ಬೆಲ್ ಇಲ್ಲದ ಕಳಿಸಿದ್ರ ನನ್ನ ನಿದ್ದಿ ಹೋಗ್ತದ. ನನ್ನ ಕಡಿಂದ ಅಂತ ಇಟ್ಕೋ.” ಪ್ರೀತಿಯಿಂದ ಕೊಡುವ ಕಬ್ಬಿಣಕ್ಕೆ ಬೇಡ ಎನ್ನುವುದು ಹೇಗೆ?

ಅಷ್ಟರಲ್ಲಿ ಎದುರುಮನೆಯ ವೆಂಕಮ್ಮ ನಿಂಬೆಹಣ್ಣು, ತೆಂಗಿನಕಾಯಿ, ಊದುಬತ್ತಿ ಹಿಡಿದು ಬಂದಳು. ಹೊಸ ಗಾಡಿ ಮೊದಲ ಸಲ ದೂರದ ಊರಿಗೆ ಹೋಗುವಾಗ ಪೂಜೆಯಿಲ್ಲದೆ ಹೋಗಬಹುದೇ? ಕುಂಕುಮ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, “ಹೊಡಿ ತಮ್ಮಾ,” ಅಂದಳು.

ಅಂಬರೀಶ ಪೆಡಲ್ ತುಳಿದ. ಬೆರಳಗಲದ ಟೈರಿಗೆ ಸಿಕ್ಕ ನಿಂಬೆಹಣ್ಣು ಪುಸಕ್ಕನೆ ಜಾರಿ, ಬೀದಿ ದಾಟಿ, ಚರಂಡಿಯ ಅಂಚಿನಲ್ಲಿ ನಿಂತಿತು. ತಂದು ಮತ್ತೆ ಇಟ್ಟರು. ಮತ್ತೆ ಜಾರಿತು. ಮೂರನೆಯ ಸಲ ನಿಂಬೆಹಣ್ಣು ನಿಂತಲ್ಲೇ ನಿಂತು ಸೈಕಲ್ಲೇ ಜಾರಿತು, ಅಂಬರೀಶ ವೆಂಕಮ್ಮನ ರಂಗೋಲಿಯ ಮೇಲೆ ಕೂತಿದ್ದ.

“ಹಣ್ಣು ಒಡಿಲಾರದ ಹೋಗೂದು ಚಲೋ ಅಲ್ಲವ್ವಾ,” ಎಂದು ವೆಂಕಮ್ಮ ಗಲ್ಲಕ್ಕೆ ಕೈಯಿಟ್ಟಳು.

“ಗಾಡಿ ಭಾಳ ಹಗುರ ಆಗ್ಯಾದ,” ಎಂದ ಜಿಲಾನಿ, ಹೆಮ್ಮೆಯೂ ಚಿಂತೆಯೂ ಕೂಡಿದ ದನಿಯಲ್ಲಿ. “ಒಂದೀಟು ಭಾರ ಹೇರಬೇಕು.”

ಉಪ್ಪಿನಕಾಯಿ ಡಬ್ಬಿ ಏರಿತು. ವೆಂಕಮ್ಮ ಮಾನ್ವಿಯ ತಂಗಿಗೆಂದು ಒಣಗಿಸಿದ ಜೋಳದ ಕಟಿರೊಟ್ಟಿಯ ಗಂಟು, ಶೇಂಗಾಹಿಂಡಿ ತಂದು ಕಟ್ಟಿದಳು. ನಾಲ್ಕನೆಯ ಸಲ ನಿಂಬೆಹಣ್ಣು ಪಚಕ್ಕೆಂದಿತು. ಗಲ್ಲಿಯೇ ಚಪ್ಪಾಳೆ ತಟ್ಟಿತು. ಒಂದು ವರ್ಷ ಗ್ರಾಮು ಗ್ರಾಮಾಗಿ ಇಳಿಸಿದ ತೂಕ ಒಂದೂವರೆ ಗಂಟೆಯಲ್ಲಿ ಬಡ್ಡಿ ಸಮೇತ ಏರಿ ಕೂತಿತ್ತು. ಎರಡು ಗಂಟೆಯ ಮುನ್ನಡೆಯಲ್ಲಿ ಉಳಿದದ್ದು ಅರ್ಧ ಗಂಟೆಯೇ.

ಆದರೂ ಊರು ದಾಟಿ ರಸ್ತೆ ಬಯಲಾದ ಮೇಲೆ ಆ ಸೈಕಲ್ಲು ಓಡಿದ ಚಂದ ನೋಡಬೇಕಿತ್ತು! ಎರಡೂ ಕಡೆ ಹತ್ತಿ ಹೊಲ ಬೆಳ್ಳಗೆ ಬಿರಿದಿತ್ತು. ಚೈನು ಜೇನುಹುಳುವಿನಂತೆ ಗುಂಯ್ಗುಟ್ಟುತ್ತಿತ್ತು. ಕಬ್ಬಿಣ ಹೊತ್ತರೂ ಅಲ್ಯೂಮಿನಿಯಂ ತನ್ನ ಗುಣ ಬಿಡಲಿಲ್ಲ. ಬೆನ್ನು ಅಯ್ಯೋ ಅನ್ನುತ್ತಿದ್ದರೂ ಅಂಬರೀಶ ಹಾಡಿಕೊಳ್ಳುತ್ತಿದ್ದ.

ಕಲ್ಮಲಾದ ಹತ್ತಿರ ಹಿಂದಿನ ಗಾಲಿ ಉಸ್ಸೆಂದಿತು. ನೋಡಿದರೆ ಟೈರಿನಲ್ಲಿ ನೆಟ್ಟಿದ್ದದ್ದು ಮೊಳೆಯಲ್ಲ, ವೆಂಕಮ್ಮನ ತೆಂಗಿನಕಾಯಿಯ ಚಿಪ್ಪಿನ ಚೂರು. ಪೂಜೆಯ ಪ್ರಸಾದ ಇಲ್ಲಿಯವರೆಗೆ ಜೊತೆಯಲ್ಲೇ ಬಂದಿತ್ತು.

ಚಹಾದಂಗಡಿಯ ಮುಂದೆ ಡಬ್ಬಿ, ಗಂಟು ಇಳಿಸಿ ಗಾಲಿ ಬಿಚ್ಚಿದ. ಜನ ಸೇರಿದರು.

“ಇದ್ಯಾವ ದೇಶದ್ದರೀ?”

“ದೇವದುರ್ಗದ್ದು.”

“ಒಂದ್ಸಲ ಎತ್ತಿ ನೋಡ್ಲೇನ್ರಿ? ಯಪ್ಪಾ! ಲೇ ಹುಲಿಗೆಪ್ಪಾ, ಇಲ್ಲಿ ಬಾ, ಎರಡ ಬೆರಳಿಗೆ ಎತ್ತಿದೆ ನೋಡು!”

ಹುಲಿಗೆಪ್ಪ ಒಂದೇ ಬೆರಳಿಗೆ ಎತ್ತಿದ. ಇನ್ನೊಬ್ಬ ಕಿರುಬೆರಳಿಗೆ ಪ್ರಯತ್ನಿಸಿದ. ಚಹಾ ಸೋಸುತ್ತಿದ್ದವನು ಸೋಸುವುದು ಬಿಟ್ಟು ಬಂದು ಎತ್ತಿದ. ಸಾಕು ಬಿಡ್ರಿ ಅನ್ನಲು ಅಂಬರೀಶನಿಗೆ ಬಾಯಿ ಬರಲಿಲ್ಲ. ವರ್ಷವೆಲ್ಲ ಯಾರಾದರೂ ಹೀಗೆ ಎತ್ತಿ ನೋಡಲಿ ಎಂದೇ ಅಲ್ಲವೇ ಅವನು ಕಾದಿದ್ದು? ಎಲ್ಲರೂ ಎತ್ತಿ ಇಳಿಸಿ ಹೊಸ ಟ್ಯೂಬು ಹಾಕುವ ಹೊತ್ತಿಗೆ ರಾಯಚೂರಿನ ಬಸ್ಸು ಧೂಳೆಬ್ಬಿಸುತ್ತ ದಾಟಿಹೋಯಿತು. ಕಿಟಕಿಯಲ್ಲಿ ವಿಜಯಲಕ್ಷ್ಮಿ ಕೈಬೀಸಿದಳು. ಸೈಕಲ್ಲಿಗೆ ವಿದಾಯ ಹೇಳುವಂತಿತ್ತು ಆ ಕೈ.

ಅಂಬರೀಶ ಸತ್ತೆನೋ ಕೆಟ್ಟೆನೋ ಎಂದು ತುಳಿದ. ಮೊಣಕಾಲು ಗದ್ದಕ್ಕೆ ಬಡಿಯಿತು, ಡಬ್ಬಿ ಡಬಡಬ ಅಂದಿತು. ಮಾನ್ವಿಗೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಜಾಲಿಮರದ ಕೆಳಗೆ ಕಂಡದ್ದೇನು? ಅದೇ ಬಸ್ಸು! ಎಂಜಿನ್ನಿನ ಬೆಲ್ಟು ಹರಿದು ಬಾಯಿ ತೆರೆದು ನಿಂತಿತ್ತು.

ನಿಲ್ಲದೆ ಹೋಗಿದ್ದರೆ ಅವನು ಗೆದ್ದಿದ್ದ. ಆದರೆ ಗೆಲ್ಲುವುದನ್ನು ಹೆಂಡತಿ ನೋಡದಿದ್ದರೆ ಅದೆಂಥ ಗೆಲುವು? ಟ್ರಿಣ್ ಟ್ರಿಣ್ ಎಂದು ಜಿಲಾನಿಯ ಬೆಲ್ಲು ಬಾರಿಸುತ್ತ ನಿಂತ.

“ಏನ್ರೀ ವಿಜಯಲಕ್ಷ್ಮಿಯವ್ರೇ, ಬಸ್ಸು ಯಾಕ ನಿಂತದ?”

ವಿಜಯಲಕ್ಷ್ಮಿ ನಗಲಿಲ್ಲ. ಕಣ್ಣಲ್ಲಿ ನೀರಿತ್ತು. “ಅಣ್ಣ ಫೋನ್ ಮ್ಯಾಲ ಫೋನ್ ಮಾಡಾಕತ್ತಾನ. ಮುಹೂರ್ತ ಇನ್ನ ಮುಕ್ಕಾಲು ತಾಸಿಗೆ ಅದ. ಸೋದರತ್ತಿ ಇಲ್ಲದ ಕೂಸಿನ ಕಿವ್ಯಾಗ ಹೆಸರು ಹೇಳಾವ್ರು ಯಾರ್ರೀ? ಹಿಂದಿನ ಬಸ್ಸು ಜನ ತುಂಬಿ ನಿಲ್ಲಲೇ ಇಲ್ಲ. ಬಂದ ಆಟೋದ ತುಂಬ ಹತ್ತಿ ಮೂಟಿ.”

ಅಂಬರೀಶ ಬೆಲ್ಲಿನಿಂದ ಕೈ ತೆಗೆದ. “ಹಿಂದ ಕುಂದ್ರು, ಹೊಡಕೊಂಡು ಹೋಗ್ತೀನಿ.”

“ಆ ಕಡ್ಡಿಯಂಥ ಗಾಲಿ ಇಬ್ಬರನ್ನ ತಡೀತದೇನು? ಇಳೀರಿ ನೀವು. ಸೀಟು ಕೆಳಗ ಮಾಡ್ರಿ.”

“ನಿನಗ ಸೈಕಲ್ ಬರ್ತದೇನು?”

“ನಾವು ಚೀಕಲಪರ್ವಿಯೊಳಗ ಇದ್ದಾಗ ಮಾನ್ವಿ ಹೈಸ್ಕೂಲಿಗೆ ಸರಕಾರ ಕೊಟ್ಟ ಸೈಕಲ್ಲಿನ್ಯಾಗ ಮೂರು ವರ್ಷ ಹೋಗೀನಿ. ನೀವು ಎಂದರ ಕೇಳೀರೇನು?”

ಕೇಳಿರಲಿಲ್ಲ. ಅಂಬರೀಶ ಜೇಬಿನಿಂದ ಬೋಲ್ಟು ತಿರುಗಿಸುವ ಕೀಲಿ ತೆಗೆದು ಸೀಟನ್ನು ತಾನೇ ಕೈಯಾರೆ ಇಳಿಸಿದ. ಬಸ್ಸಿನ ನೂಕುನುಗ್ಗಲಿಗೆ ರೇಷ್ಮೆ ಸೀರೆ ಮುದುಡುತ್ತದೆಂದು ಅವಳು ಚೂಡಿದಾರ ತೊಟ್ಟು ಬಂದದ್ದು ಅನುಕೂಲವಾಯಿತು. ಡಬ್ಬಿ, ರೊಟ್ಟಿಗಂಟು ಕೆಳಗಿಳಿದವು. ಸೀರೆಯ ಚೀಲ ಕ್ಯಾರಿಯರ್ ಏರಿತು. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿ ಕೂತಳು.

ಅಂಬರೀಶ ನೋಡಿದ. ಮೊಣಕಾಲು ಎಲ್ಲಿರಬೇಕೋ ಅಲ್ಲಿತ್ತು. ಬೆನ್ನು ಬಾಳೆಎಲೆಯ ದಂಟಿನಂತೆ ಹದವಾಗಿ ಬಾಗಿತ್ತು. ಕೈ ಹ್ಯಾಂಡಲ್ಲಿನ ಮೇಲೆ, ತವರಿಗೆ ಬಂದಷ್ಟು ಸಲೀಸಾಗಿ ಕೂತಿತ್ತು. ಎರಡು ತುಳಿತ, ಮೂರು ತುಳಿತ, ಆಮೇಲೆ ಬರೀ ಬೆಳ್ಳಿಯ ಮಿಂಚು. ಬಸ್ಸಿನವರೆಲ್ಲ ಹೋ ಎಂದರು. ತನ್ನ ಸೈಕಲ್ಲು ಇಷ್ಟು ಚಂದ ಓಡುತ್ತದೆಂದು ಅಂಬರೀಶನಿಗೇ ಗೊತ್ತಿರಲಿಲ್ಲ. ಅದರ ಮೇಲೆ ಕೂತವನಿಗೆ ಅದು ಕಾಣುವುದು ಹೇಗೆ? ಒಂದು ಕ್ಷಣ ಅವನೂ ಎಲ್ಲರ ಜೊತೆ ಹೋ ಎಂದ. ಆಮೇಲೆ ಎಡಗೈಯ ಡಬ್ಬಿ, ಬಲಗೈಯ ಗಂಟು ನೆನಪಾದವು.

ಬೆಲ್ಟು ಸಿಕ್ಕು, ಬಸ್ಸು ಹೊರಟು, ಡಬ್ಬಿ ಗುಲ್ಫಶಾಗೆ, ಗಂಟು ವೆಂಕಮ್ಮನ ತಂಗಿಗೆ ಮುಟ್ಟಿಸಿ ಅವನು ಮಾವನ ಮನೆ ತಲುಪುವಾಗ ಕೂಸಿಗೆ ಹೆಸರಿಟ್ಟು, ಎರಡನೆಯ ಪಂಕ್ತಿಯೂ ಎದ್ದಿತ್ತು. ಆದರೆ ಅಂಗಳದ ಜನ ತೊಟ್ಟಿಲಿನ ಸುತ್ತ ಇರಲಿಲ್ಲ, ಸೈಕಲ್ಲಿನ ಸುತ್ತ ಇದ್ದರು.

“ಏನ್ ಗಾಡಿ ಕಟ್ಟೀರಿ ಅಳಿಯಂದ್ರೇ!” ಎಂದು ಮಾವ ಮರಿಸ್ವಾಮಿ ಎದ್ದು ಬಂದು ಕೈ ಹಿಡಿದರು. “ನಮ್ಮ ಹುಡುಗಿ ಗಾಳಿ ಬಂದಂಗ ಬಂದ್ಲು. ಆಕಿ ಅಳತಿಗೆ ಹೇಳಿ ಮಾಡಿಸಿದಂಗ ಅದ.”

“ಅಳತಿ ಆಕೀದ ಆಗಬೇಕಲ್ಲ,” ಎಂದ ದೇವದುರ್ಗದಿಂದ ಬಂದಿದ್ದ ಯಂಕೋಬ ಕಾಕ, ಎಲೆಯಡಿಕೆ ಮೆಲ್ಲುತ್ತ. “ಆ ಡಾಕ್ಟರ್ ಮೇಡಂ ನಮ್ಮ ವಿಜ್ಜಿಯಷ್ಟ ಎತ್ತರ ಇದ್ರು.”

“ಮೇಡಮ್ಮಾ?” ಅಂಬರೀಶನ ದನಿ ಕೀರಲಾಯಿತು. “ಕಾಕಾ, ನೀವು ಹೇಳಲೇ ಇಲ್ಲಲ್ರೀ!”

“ನೀವು ಎಲ್ಲಿ ಕೇಳಿದ್ರಿ ಅಳಿಯಾರ? ಫೋನ್ ಮಾಡಿದಾಗೆಲ್ಲ ‘ತೂಕ ಎಷ್ಟದ, ತೂಕ ಎಷ್ಟದ’ ಅಂದ್ರಿ. ಜೋಳದ ಕಾಟಾದಾಗ ಇಟ್ಟು ತೂಗಿ ಹೇಳಿದೆ.”

ಅಂಗಳವೆಲ್ಲ ನಕ್ಕಿತು. ಲಾರಿ ತೂಗಿದ, ಬೋಲ್ಟು ತೂಗಿದ, ಡಬ್ಬಿಯನ್ನೂ ಕಣ್ಣಲ್ಲೇ ತೂಗಿದ ಅಂಬರೀಶ ತನ್ನ ಕಾಲಿಗೂ ಆ ಸೈಕಲ್ಲಿಗೂ ಒಂದು ಟೇಪು ಹಿಡಿದಿರಲಿಲ್ಲ.

ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ವಿಜಯಲಕ್ಷ್ಮಿ ಅವನಿಗೆ ಹೋಳಿಗೆ ಬಡಿಸುತ್ತ ಬಗ್ಗಿ ಹೇಳಿದಳು: “ಮಾತು ಅಂದ್ರ ಮಾತ ರೀ. ಬಸ್ಸಿಗಿಂತ ಮೊದ್ಲ ಸೈಕಲ್ ಬಂದು ನಿಂತದ. ಮನ್ಯಾಗ ಇರ್ತದ, ಮಾರಂಗಿಲ್ಲ. ಎಷ್ಟು ಪ್ರೀತಿಲೆ ಕಟ್ಟೀರಿ ಅಂತ ಕುಂತ ಮ್ಯಾಲ ತಿಳೀತು ನೋಡ್ರಿ. ತುಪ್ಪ ಇದ್ದಂಗ ಓಡ್ತದ.”

ಅಂಬರೀಶನ ಮುಖ ಅರಳಿತು. “ಹಂಗಾದ್ರ ಸಂಜೀಕ ನಾ ಬಿಸಿಲು ಇಳಿದ ಮ್ಯಾಲ ಹೊಡಕೊಂಡು...”

“ನೀವ್ಯಾಕ ಬೆನ್ನು ನೋಯಿಸ್ಕೋತೀರಿ? ಸೀಟು ಇಳಿಸೇ ಇರ್ಲಿ. ಚೂಡಿದಾರ ಹಾಕ್ಕೊಂಡು ನಾ ಬರ್ತೀನಿ, ನೀವು ಬಸ್ಸಿಗೆ ಬರ್ರಿ. ನಿಮಗೊಂದು ಬ್ಯಾರೆ ನೋಡೂಣು.”

“ಯಾವಾಗ?”

“ಮುಂದಿನ ದೀಪಾವಳಿಗೆ. ಬಜೆಟ್ ನೋಡಿ.”

ಸಂಜೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳೆಲ್ಲ ಪುಕ್ಕಟೆ ಚೀಟಿ ಪಡೆದು ಕೂತ ಮೇಲೆ ಕಂಡಕ್ಟರು ಕೈಚಾಚಿದ್ದು ಅಂಬರೀಶನ ಕಡೆಗೆ. ತೊಡೆಯ ಮೇಲೆ ಕುಬ್ರಾ ಬೇಗಂ ಅವರ ಡಬ್ಬಿಯಿತ್ತು. ತವರಿಗೆ ಖಾಲಿ ಕಳಿಸಬಾರದೆಂದು ಗುಲ್ಫಶಾ ಅದರ ತುಂಬ ಬೆಲ್ಲದ ಉಂಡೆ ತುಂಬಿದ್ದಳು. ಕೈಯಲ್ಲಿ ತೂಗಿ ನೋಡಿದ. ಎರಡೂವರೆ ಕಿಲೋ, ಮುಚ್ಚಳ ಸೇರಿ.

ಒಂದು ತಾಸು ಮೊದಲೇ ಸೈಕಲ್ ಹತ್ತಿದ್ದ ವಿಜಯಲಕ್ಷ್ಮಿಯನ್ನು ಬಸ್ಸು ದಾಟಿದ್ದು ಕಲ್ಮಲಾದ ಹತ್ತಿರವೇ. ಅಲ್ಲಿ ಜನರನ್ನು ಇಳಿಸಿ ಬಸ್ಸು ಆಗಷ್ಟೇ ರಸ್ತೆಗೆ ತಿರುಗುತ್ತಿತ್ತು. ಹಿಂದಿನಿಂದ ಟ್ರಿಣ್ ಟ್ರಿಣ್ ಎಂದಿತು. ಡ್ರೈವರು ಕನ್ನಡಿಯಲ್ಲಿ ನೋಡಿ, ಬ್ರೇಕು ಹಾಕಿ, ಸೈಕಲ್ಲಿಗೆ ಮೊದಲು ದಾರಿ ಬಿಟ್ಟ.